ದೇವರಿಗೆ ಹೇಳಿದ್ದು, ಸರ್ಕಾರಕ್ಕೆ ಹೇಳದ್ದು

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ತೆರಿಗೆ ರಿಟರ್ನ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಫೆಬ್ರವರಿ ಬಂತೆಂದರೆ ಮೇಜಿನ ಆಚೆ ಕೂರುವವರು ಎರಡು ಬಗೆ: ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಊರಿನ ಸಂಸಾರಸ್ಥರು, ಮತ್ತು ನಮ್ಮ ಬೆಂಗಳೂರು-ಮೈಸೂರಿನ ಸಾಫ್ಟ್‌ವೇರ್ ಹುಡುಗರು. ಇಬ್ಬರ ಬಾಯಲ್ಲೂ ಒಂದೇ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ: "ಹೊರದೇಶದಲ್ಲಿಟ್ಟ ದುಡ್ಡಿಗೆ ಅಲ್ಲಿ ತೆರಿಗೆಯೇ ಇಲ್ಲ, ಇಲ್ಲಿ ಯಾಕೆ ಹೇಳಬೇಕು?"

ಕೆಲವು ವರ್ಷದ ಹಿಂದೆ ಒಬ್ಬ ಮಾರ್ಮನ್ ಹಿರಿಯರು ಬಂದಿದ್ದರು. (ಗುರುತು ಸಿಗದ ಹಾಗೆ ವಿವರ ಸ್ವಲ್ಪ ಬದಲಿಸಿದ್ದೇನೆ.) ಮನೆಸಾಲ ತೀರಿ ಎಷ್ಟೋ ಕಾಲವಾಗಿದೆ, ನೆಲಮಾಳಿಗೆಯಲ್ಲಿ ಡಬ್ಬಿಗಟ್ಟಲೆ ಗೋಧಿ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ, ಆ ಊಟದ ದುಡ್ಡು ಬಡವರಿಗೆ. ಈ ಜನಕ್ಕೆ ಸಾಲದ ಭಯ ಸುಮ್ಮನೆ ಹತ್ತಿದ್ದಲ್ಲ. ಬಹುಪತ್ನಿತ್ವದ ಜಗಳದಲ್ಲಿ ಅಮೆರಿಕ ಸರ್ಕಾರ 1887ರ ಕಾಯ್ದೆಯಿಂದ ಚರ್ಚಿನ ಆಸ್ತಿಗೆ ಕೈಹಾಕಿತು. ಆಮೇಲೆ ಚರ್ಚು ಸಾಲದಲ್ಲಿ ಮುಳುಗಿತು. 1899ರಲ್ಲಿ ಅಧ್ಯಕ್ಷ ಲೊರೆಂಜೊ ಸ್ನೋ ಸೇಂಟ್ ಜಾರ್ಜ್‌ಗೆ ಹೋಗಿ ದಶಾಂಶ, ಅಂದರೆ ವರಮಾನದ ಹತ್ತರಲ್ಲೊಂದು ಪಾಲು, ಚರ್ಚಿಗೆ ಕೊಡಿ ಎಂದು ಸಾರಿದರು. ಸಾಲ ತೀರಿತೆಂಬ ಘೋಷಣೆ ಬಂದದ್ದು 1907ರಲ್ಲಿ. ಇವತ್ತಿಗೂ ಸದಸ್ಯರು ವರ್ಷದ ಕೊನೆಗೆ ಬಿಷಪ್ಪರ ಎದುರು ಕೂತು ದಶಾಂಶ ಪೂರ್ತಿ ಕೊಟ್ಟೆ ಎನ್ನಬೇಕು. ಇಲ್ಲದಿದ್ದರೆ ದೇವಾಲಯದೊಳಗೆ ಬಿಡುವ ಚೀಟಿ ಸಿಗದು. ಬಿಷಪ್ ಎಂದರೆ ಸಂಬಳದ ಪಾದ್ರಿಯಲ್ಲ. ನಮ್ಮ ಹಿರಿಯರ ಬಿಷಪ್ ಹಲ್ಲಿನ ಡಾಕ್ಟರು.

ಚರ್ಚು ಕೊಟ್ಟ ರಸೀದಿಯನ್ನು ಹತ್ತರಿಂದ ಗುಣಿಸಿ ನೋಡುವುದು ನನ್ನ ಅಭ್ಯಾಸ. ಮಾರ್ಮನ್ನರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ತಾಳೆ ಇಲ್ಲ. ಇವರದ್ದು 14,000 ಡಾಲರ್ ಹೆಚ್ಚು ಬಂತು. ಕೇಳಿದೆ. ಒಂದಿಷ್ಟೂ ಅಳುಕದೆ, "ಅದು ಕೇಮನ್ ದ್ವೀಪದ ಬ್ಯಾಂಕಿನ ಬಡ್ಡಿ" ಎಂದರು. ಹಿಂದೆ ಅಲ್ಲಿ ಕಟ್ಟಡದ ಕೆಲಸ ಮಾಡಿಸುವಾಗ ತೆರೆದ ಖಾತೆಯಂತೆ. ಅದರ ಬಡ್ಡಿಗೂ ದೇವರಿಗೆ ದಶಾಂಶ ಸಂದಿದೆ, ಸರ್ಕಾರಕ್ಕೆ ಮಾತ್ರ ಆ ಖಾತೆ ಇರುವುದೇ ಗೊತ್ತಿಲ್ಲ!

ಈಗ ನಿಧಾನವಾಗಿ ಹೇಳುತ್ತೇನೆ, ಕೇಳಿ. ಕೇಮನ್‌ನಲ್ಲಿ ಆದಾಯ ತೆರಿಗೆ ಇಲ್ಲ, ನಿಜ. ಅಲ್ಲಿ ಖಾತೆ ಇಡುವುದು ತಪ್ಪಲ್ಲ, ಅದೂ ನಿಜ. ಆದರೆ ಅಮೆರಿಕದ ಪ್ರಜೆಗೂ ನಿವಾಸಿಗೂ ಜಗತ್ತಿನ ಯಾವ ಮೂಲೆಯ ವರಮಾನಕ್ಕಾದರೂ ಇಲ್ಲಿ ತೆರಿಗೆಯುಂಟು. ಇದು ಒಂದು. ಖಾತೆ ಇದೆ ಎಂದು ಹೇಳುವುದು ಬೇರೆಯೇ ಕೆಲಸ. ವಿದೇಶಿ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಒಂದರಲ್ಲಿ 6,000, ಇನ್ನೊಂದರಲ್ಲಿ 5,000 ಇದ್ದರೂ ದಾಟಿದಂತೆಯೇ. ಬಡ್ಡಿ ಒಂದು ಕಾಸೂ ಬರದಿದ್ದರೂ ಸಲ್ಲಿಸಬೇಕು. ಅದು ತೆರಿಗೆ ಕಟ್ಟುವ ಫಾರಂ ಅಲ್ಲ, ಅದರಲ್ಲಿ ಕಟ್ಟಲು ಏನೂ ಇಲ್ಲ. ಹೇಳುವುದಷ್ಟೇ.

ನಮ್ಮ ಹುಡುಗರು ಇದನ್ನು ಓದಿ ಕೇಮನ್ ಕಥೆ ನಮಗ್ಯಾಕೆ ಎನ್ನುತ್ತಾರೆ. ಜಯನಗರದ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿ ಇದೆಯಲ್ಲ, ಅದೂ ವಿದೇಶಿ ಖಾತೆಯೇ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಅಪ್ಪನ ಜೊತೆ ಜಂಟಿಯಾಗಿರುವ ಖಾತೆಯೂ ಲೆಕ್ಕಕ್ಕೆ ಬರುತ್ತದೆ, ದುಡ್ಡು ಅಪ್ಪನದೇ ಆದರೂ.

"ಚರ್ಚೇ ಮುಚ್ಚಿಟ್ಟಿತಲ್ಲ" ಎಂದು ವಾದಿಸಿದವರೂ ಇದ್ದಾರೆ. ಆ ಪ್ರಕರಣ ಸರಿಯಾಗಿ ಓದಿದವರು ಕಡಿಮೆ. ಅದು ದ್ವೀಪದ ದುಡ್ಡಲ್ಲ, ತೆರಿಗೆ ಕದ್ದ ಆರೋಪವೂ ಅಲ್ಲ. ಚರ್ಚಿನ ಹೂಡಿಕೆ ಸಂಸ್ಥೆ ಎನ್‌ಸೈನ್ ಪೀಕ್ 2018ರ ಹೊತ್ತಿಗೆ ಸುಮಾರು 32 ಬಿಲಿಯನ್ ಡಾಲರ್‌ಗೆ ಬೆಳೆದಿದ್ದ ಷೇರುಗಳನ್ನು ತನ್ನ ಹೆಸರಲ್ಲಿ ವರದಿ ಮಾಡದೆ, ಅಮೆರಿಕದೊಳಗೇ 13 ಹೆಸರಿಗಷ್ಟೇ ಇದ್ದ ಕಂಪನಿಗಳ ಹೆಸರಲ್ಲಿ ತೋರಿಸಿತ್ತು. ಆಸ್ತಿಯ ಗಾತ್ರ ಗೊತ್ತಾದರೆ ಏನಾದೀತೋ ಎಂಬ ಆತಂಕ ಚರ್ಚಿಗಿತ್ತು ಎಂದಿತು ಷೇರುಪೇಟೆ ನಿಯಂತ್ರಕ ಎಸ್‌ಇಸಿ. 2023ರ ಫೆಬ್ರವರಿಯಲ್ಲಿ ಸಂಸ್ಥೆಗೆ 4 ಮಿಲಿಯನ್, ಚರ್ಚಿಗೆ 1 ಮಿಲಿಯನ್ ಡಾಲರ್ ದಂಡ ಬಿತ್ತು. ದಂಡ ಬಿದ್ದದ್ದು ದುಡ್ಡಿಗಲ್ಲ, ಫಾರಂಗೆ. ನಾನು ಇಷ್ಟು ಹೊತ್ತು ಬಡಕೊಂಡದ್ದೂ ಇದನ್ನೇ.

ಗೊತ್ತಿಲ್ಲದೆ ಬಿಟ್ಟಿದ್ದರೆ ಸರಿಪಡಿಸಿಕೊಳ್ಳುವ ದಾರಿಗಳಿವೆ. ಗೊತ್ತಿದ್ದೂ ಬಿಟ್ಟಿದ್ದರೆ ಖಾತೆಯ ಅರ್ಧದಷ್ಟು ದಂಡ ಬೀಳಬಹುದು, ಆಗ ನನ್ನ ಹತ್ತಿರವಲ್ಲ, ಮೊದಲು ವಕೀಲರ ಹತ್ತಿರ ಹೋಗಿ. ನೀವು ಯಾವ ಪೈಕಿ ಎಂದು ಕಾಗದಪತ್ರ ನೋಡದೆ ಯಾರೂ ಹೇಳಲಾರರು. ಮದುವೆಮನೆಯಲ್ಲಿ ಸಿಕ್ಕಾಗ ನನ್ನನ್ನೂ ಕೇಳಬೇಡಿ.

ಹಿರಿಯರದು ಮೊದಲನೆಯ ಪೈಕಿ. ಮೂರು ವರ್ಷದ ರಿಟರ್ನ್ ತಿದ್ದಿ, ಆರು ವರ್ಷದ ವರದಿ ಸಲ್ಲಿಸಿ, ಖಾತೆಯ ಗರಿಷ್ಠ ಮೊತ್ತದ ಮೇಲೆ ಶೇಕಡಾ 5 ದಂಡ ಕಟ್ಟಿದರು. ಸಹಿ ಹಾಕುತ್ತ, "ಈ ದಂಡ ಕಳೆದು ದಶಾಂಶ ಲೆಕ್ಕ ಹಾಕಲೋ, ಕಳೆಯದೆಯೋ?" ಎಂದರು. ಬಿಷಪ್ಪರನ್ನು ಕೇಳಿ ಎಂದೆ.

"ಅವರು ಹಲ್ಲಿನ ಡಾಕ್ಟರಪ್ಪ" ಎಂದು ಪೆನ್ನು ಮುಚ್ಚಿಟ್ಟರು.