ಶೆಹು ಮೂಸಾ ಯಾರ್‌ಅದುವಾ: ಬ್ಯಾರಕ್ಕಿನಿಂದ ಬಂದರಿಗೆ, ಬಂದರಿನಿಂದ ಬಂದೀಖಾನೆಗೆ

ನೈಜೀರಿಯಾದ ಸೈನಿಕ ಆಡಳಿತವನ್ನು ಓದುವಾಗ ಗೋವಾನ್, ಮುರ್ತಾಲಾ, ಒಬಸಾಂಜೊ, ಬುಹಾರಿ, ಬಬಂಗಿಡಾ, ಅಬಾಚಾ ಎಂದು ಗದ್ದುಗೆ ಏರಿದವರನ್ನಷ್ಟೇ ನೆನಪಿಟ್ಟುಕೊಂಡು ಮುಂದೆ ಹೋಗಿಬಿಡುತ್ತೇವೆ. ಆ ಗದ್ದುಗೆಯ ಪಕ್ಕದವರೆಗೂ ಬಂದು ನಿಂತ ಶೆಹು ಮೂಸಾ ಯಾರ್‌ಅದುವಾ ಅವರ ಬದುಕನ್ನು ಹಿಡಿದುಕೊಂಡರೆ ಈ ಇಡೀ ಕಾಲಘಟ್ಟ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅನಿಸಿಕೆ. ಬಂದೂಕಿನ ಬಲದಿಂದ ಸುಲಭವಾಗಿ ಸಿಕ್ಕ ಅಧಿಕಾರವನ್ನು ಅವರು ಬಿಟ್ಟುಕೊಟ್ಟರು. ಅದನ್ನೇ ಮತದ ಮೂಲಕ ಪಡೆಯಲು ಹೊರಟಾಗ ಅವರನ್ನು ತಡೆದದ್ದು ಅವರು ಬೆಳೆದುಬಂದ ಸೈನ್ಯವೇ.

ಹುಟ್ಟಿದ್ದು 1943ರ ಮಾರ್ಚ್ 5ರಂದು, ಉತ್ತರದ ಕಾಟ್ಸಿನಾದಲ್ಲಿ. ತಂದೆ ಸ್ವಾತಂತ್ರ್ಯಾನಂತರದ ಮೊದಲ ಸರ್ಕಾರದಲ್ಲಿ ಸಚಿವರು. ಮುಂದೆ ರಾಷ್ಟ್ರಾಧ್ಯಕ್ಷರಾದ ಬುಹಾರಿ ಶಾಲಾ ದಿನಗಳ ಒಡನಾಡಿ. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1964ರಲ್ಲಿ ಅಧಿಕಾರಿಯಾದರು. ದೇಶದ ಪೂರ್ವ ಭಾಗ ಬಿಯಾಫ್ರಾ ಎಂಬ ಹೆಸರಿನಲ್ಲಿ ಬೇರೆಯಾಗಲು ಹೊರಟಾಗ, 1967ರಿಂದ 1970ರವರೆಗೆ ನಡೆದ ಅಂತರ್ಯುದ್ಧದಲ್ಲಿ ಮುರ್ತಾಲಾ ಮುಹಮ್ಮದ್ ಅವರ ಎರಡನೇ ಡಿವಿಷನ್‌ನಲ್ಲಿದ್ದರು. ಅಲ್ಲಿ ಬೆಸೆದ ನಂಟು ಮುಂದೆ ರಾಜಕೀಯವಾಗಿ ಫಲಿಸಿತು: 1975ರ ಜುಲೈ 29ರಂದು ಆಗಿನ ಸೈನಿಕ ಮುಖ್ಯಸ್ಥ ಜನರಲ್ ಗೋವಾನ್ ಉಗಾಂಡಾದ ಕಂಪಾಲಾದ ಶೃಂಗಸಭೆಗೆ ಹೋಗಿದ್ದಾಗ ಅವರನ್ನು ಕೆಳಗಿಳಿಸಿದ ಅಧಿಕಾರಿಗಳ ಗುಂಪಿನಲ್ಲಿ ಯಾರ್‌ಅದುವಾ ಪ್ರಮುಖರು. ಮುರ್ತಾಲಾ ಮುಖ್ಯಸ್ಥರಾದರು, ಯಾರ್‌ಅದುವಾ ಅವರಿಗೆ ಸಾರಿಗೆ ಖಾತೆ ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಖಾತೆಯ ಜೊತೆ ಬಂದ ತಲೆನೋವು ಸಿಮೆಂಟ್. ತೈಲದ ದುಡ್ಡು ಕೈತುಂಬ ಬರುತ್ತಿದ್ದ ಕಾಲ. ಹಿಂದಿನ ಸರ್ಕಾರ 68 ಪೂರೈಕೆದಾರರ ಜೊತೆ 109 ಕರಾರು ಮಾಡಿಕೊಂಡು 1.6 ಕೋಟಿ ಟನ್ನಿಗೂ ಹೆಚ್ಚು ಸಿಮೆಂಟ್ ತರಿಸಲು ಹೊರಟಿತ್ತು. ಲೇಗೋಸ್‌ನ ಬಂದರಿಗೆ ಅದರ ಒಂದು ಸಣ್ಣ ಪಾಲನ್ನು ಇಳಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ. 1975ರ ಮಧ್ಯಭಾಗಕ್ಕೆ ಸುಮಾರು 400 ಹಡಗುಗಳು ಸಮುದ್ರದಲ್ಲಿ ಸರದಿ ಕಾಯುತ್ತಿದ್ದವು, ಅವುಗಳಲ್ಲಿ 260ರಲ್ಲಿ ಬರೀ ಸಿಮೆಂಟ್. ಹಡಗು ಕಾದಷ್ಟು ದಿನವೂ ಡೆಮರೇಜ್, ಅಂದರೆ ಹಡಗನ್ನು ಕಾಯಿಸಿದ್ದಕ್ಕೆ ಕೊಡಬೇಕಾದ ದಂಡ, ಏರುತ್ತದೆ. ತೇವ ತಾಗಿದ ಸಿಮೆಂಟ್ ಚೀಲದಲ್ಲೇ ಕಲ್ಲಾಗುತ್ತದೆ. ಹೊಸ ಸರ್ಕಾರ ಇನ್ನು ಸಿಮೆಂಟ್ ಕಳಿಸಬೇಡಿ ಎಂದು ಪೂರೈಕೆದಾರರಿಗೆ ತಿಳಿಸಿ, ಹಣ ಪಾವತಿಗೂ ತಡೆ ಹಾಕಿತು. ಬಂದರು ಖಾಲಿ ಮಾಡಿಸುವ ಹೊಣೆ ಯಾರ್‌ಅದುವಾ ಅವರ ಹೆಗಲಿಗೆ ಬಿತ್ತು. ಆಗಿನ್ನೂ ಅವರಿಗೆ 32ರ ಹರೆಯ. ಕಾನೂನು ಓದುವವರು ಗಮನಿಸಬೇಕಾದದ್ದು: ಇದೇ ಸಿಮೆಂಟ್ ವ್ಯಾಜ್ಯಗಳಲ್ಲಿ ಬ್ರಿಟನ್ ಮತ್ತು ಅಮೆರಿಕದ ನ್ಯಾಯಾಲಯಗಳು, ವ್ಯಾಪಾರಕ್ಕಿಳಿದ ಸರ್ಕಾರಕ್ಕೆ ಸಾರ್ವಭೌಮತ್ವದ ರಕ್ಷಣೆ (ಪರದೇಶದ ನ್ಯಾಯಾಲಯದ ಮೊಕದ್ದಮೆಯಿಂದ ವಿನಾಯಿತಿ) ಸಿಗುವುದಿಲ್ಲ ಎಂದು ಹೇಳಿದವು. 1977ರ ಟ್ರೆಂಡ್‌ಟೆಕ್ಸ್ ಪ್ರಕರಣ ಅದಕ್ಕೆ ಹೆಸರಾಂತ ಉದಾಹರಣೆ.

1976ರ ಫೆಬ್ರವರಿ 13ರಂದು ಮುರ್ತಾಲಾ ಹತ್ಯೆಯಾಯಿತು. ದಕ್ಷಿಣದ ಯೊರುಬಾ ಸಮುದಾಯದ ಒಬಸಾಂಜೊ ಮುಖ್ಯಸ್ಥರಾದಾಗ ಉತ್ತರದ ಮುಸ್ಲಿಮರಿಗೆ ಭರವಸೆ ಕೊಡುವ ಒಬ್ಬರು ಎರಡನೇ ಸ್ಥಾನದಲ್ಲಿ ಬೇಕಿದ್ದರು. ಹಿರಿಯರನ್ನು ದಾಟಿಸಿ, ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಯಾರ್‌ಅದುವಾ ಅವರನ್ನು ಒಮ್ಮೆಗೇ ಬ್ರಿಗೇಡಿಯರ್ ಮಾಡಿ ಆ ಜಾಗಕ್ಕೆ ಕೂರಿಸಿದರು. 1979ರ ಅಕ್ಟೋಬರ್ 1ರಂದು ಈ ಸರ್ಕಾರ ಚುನಾಯಿತ ಅಧ್ಯಕ್ಷ ಶೆಹು ಶಗಾರಿಯವರಿಗೆ ಅಧಿಕಾರ ಒಪ್ಪಿಸಿತು. ಕೊಟ್ಟ ಮಾತಿನಂತೆ ಸೈನ್ಯ ಅಧಿಕಾರ ಬಿಟ್ಟು ಹೋದದ್ದು ನೈಜೀರಿಯಾದಲ್ಲಿ ಅದೇ ಮೊದಲು. ಯಾರ್‌ಅದುವಾ ಮೇಜರ್ ಜನರಲ್ ಆಗಿ ನಿವೃತ್ತರಾದಾಗ ವಯಸ್ಸು 36.

ನಂತರ ವ್ಯಾಪಾರ. ಕೃಷಿ, ಬ್ಯಾಂಕಿಂಗ್, ಹಡಗು ಎಲ್ಲದರಲ್ಲೂ ಕೈಯಾಡಿಸಿದರು; ಹೆಚ್ಚು ಮಾತಿಗೆ ಬರುವುದು ತೈಲ ಕಂಪನಿಗಳಿಗೆ ಬಂದರು ಸೇವೆ ಒದಗಿಸುವ, ಮುಂದೆ ಇಂಟೆಲ್ಸ್ ಎಂದು ಬೆಳೆದ ಸಂಸ್ಥೆ. ಅಲ್ಲಿ ಅವರ ಪಾಲುದಾರ, ಸುಂಕದ ಇಲಾಖೆಯಲ್ಲಿದ್ದು ಬಂದ ಅತಿಕು ಅಬೂಬಕರ್. ಬಂದರಿನ ಒಳಹೊರಗು ಬಲ್ಲ ಮಾಜಿ ಸಾರಿಗೆ ಸಚಿವ, ಸುಂಕ ಬಲ್ಲ ಮಾಜಿ ಅಧಿಕಾರಿ ಕೂಡಿ ಬಂದರು ವ್ಯಾಪಾರ ನಡೆಸಿದರೆ ಪ್ರಶ್ನೆಗಳು ಏಳದೆ ಇರಲಾರವು. ಸರ್ಕಾರದಲ್ಲಿ ಗಳಿಸಿದ ಪರಿಚಯ ವ್ಯಾಪಾರಕ್ಕೂ, ವ್ಯಾಪಾರದ ಹಣ ಪಕ್ಷಕ್ಕೂ ಹರಿಯುವ ದಾರಿಯನ್ನು ಇಲ್ಲಿ ನೋಡಬಹುದು. ಅವರ ಮೇಲಿನ ಗೌರವದಿಂದ ಇದನ್ನು ಬಿಟ್ಟು ಓದುವುದು ಸರಿಯಲ್ಲ.

1989ರಲ್ಲಿ ಅವರ ರಾಜಕೀಯ ಸಂಘ ಪೀಪಲ್ಸ್ ಫ್ರಂಟ್ ಪಕ್ಷವಾಗಿ ನೋಂದಣಿ ಕೇಳಿತು. ಆ ಹೊತ್ತಿಗೆ ದೇಶ ಮತ್ತೆ ಸೈನ್ಯದ ಕೈಯಲ್ಲಿತ್ತು; ಅದರ ಮುಖ್ಯಸ್ಥ ಬಬಂಗಿಡಾ, ಅರ್ಜಿ ಹಾಕಿದ ಎಲ್ಲ ಸಂಘಗಳನ್ನೂ ತಿರಸ್ಕರಿಸಿ, ಸರ್ಕಾರದಿಂದಲೇ ಎರಡು ಪಕ್ಷ ಹುಟ್ಟುಹಾಕಿದರು. ಯಾರ್‌ಅದುವಾ ಬಳಗ ಅವುಗಳಲ್ಲೊಂದಾದ ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ) ಸೇರಿತು. ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯನ್ನು ಆರಿಸುವ 1992ರ ಪಕ್ಷದೊಳಗಿನ ಚುನಾವಣೆಯಲ್ಲಿ ಅವರು ಮುಂದಿದ್ದರು; ಅದನ್ನು ರದ್ದು ಮಾಡಿ, ಎರಡೂ ಪಕ್ಷಗಳ 23 ಆಕಾಂಕ್ಷಿಗಳಿಗೆ ನಿಷೇಧ ಹೇರಲಾಯಿತು. 1993ರ ಜೂನ್ 12ರಂದು ಅದೇ ಪಕ್ಷದ ಅಬಿಯೋಲಾ ದೇಶದ ಚುನಾವಣೆಯಲ್ಲಿ ಗೆಲುವಿನತ್ತ ಸಾಗಿದಾಗ ಅದೂ ರದ್ದಾಯಿತು.

1993ರ ಕೊನೆಗೆ ಅಧಿಕಾರ ಹಿಡಿದ ಸೈನಿಕ ಮುಖ್ಯಸ್ಥ ಅಬಾಚಾ ಕಾಲದಲ್ಲಿ ಯಾರ್‌ಅದುವಾ ಸಂವಿಧಾನ ಸಮ್ಮೇಳನಕ್ಕೆ ಆಯ್ಕೆಯಾಗಿ ಹೋದರು. 1996ರ ಜನವರಿ 1ಕ್ಕೆ ಸೈನಿಕ ಆಡಳಿತ ಮುಗಿಯಬೇಕು ಎಂಬ ನಿರ್ಣಯಕ್ಕೆ ಅಲ್ಲಿ ಬೆಂಬಲ ಕೂಡಿಸಿದರು, 1994ರ ಕೊನೆಗೆ ಅದು ಅಂಗೀಕಾರವೂ ಆಯಿತು. 1995ರ ಮಾರ್ಚ್‌ನಲ್ಲಿ, ಸರ್ಕಾರ ಉರುಳಿಸಲು ಸಂಚು ಮಾಡಿದ ಆರೋಪದ ಮೇಲೆ ಅವರನ್ನು ಬಂಧಿಸಿದರು. ಮುಂದಿನ ತಿಂಗಳು ಸಮ್ಮೇಳನ ತನ್ನ ನಿರ್ಣಯವನ್ನೇ ಹಿಂತೆಗೆದುಕೊಂಡಿತು. ಮುಚ್ಚಿದ ಬಾಗಿಲಿನ ಸೈನಿಕ ನ್ಯಾಯಮಂಡಳಿ ಮರಣದಂಡನೆ ಕೊಟ್ಟಿತು. ವಿದೇಶಗಳ ಒತ್ತಡದಿಂದ ಅದು ಸೆರೆವಾಸಕ್ಕೆ ಇಳಿಯಿತು. 1997ರ ಡಿಸೆಂಬರ್ 8ರಂದು ಅಬಕಾಲಿಕಿ ಜೈಲಿನಲ್ಲಿ, 54ನೇ ವಯಸ್ಸಿನಲ್ಲಿ ತೀರಿಕೊಂಡರು. ವಿಷಪ್ರಾಶನದ ಅನುಮಾನ ಅಂದಿನಿಂದ ಇಂದಿನವರೆಗೆ ತೀರಿಲ್ಲ.

ಪರೀಕ್ಷೆಗೆ ಓದುವವರು ಒಂದು ಹೆಸರಿನ ಬಗ್ಗೆ ಎಚ್ಚರವಾಗಿರಿ. 2007ರಲ್ಲಿ ಅಧ್ಯಕ್ಷರಾದ ಉಮರು ಯಾರ್‌ಅದುವಾ ಇವರ ತಮ್ಮ. ಅವರು ಸೈನಿಕರಲ್ಲ, ಅಧ್ಯಾಪಕರಾಗಿದ್ದವರು. 1999ರಲ್ಲಿ ಉಪಾಧ್ಯಕ್ಷರಾದ ಅತಿಕು ಕೂಡ ಶೆಹು ಕಟ್ಟಿದ ಬಳಗದಿಂದಲೇ ಬಂದವರು. ಆ ವರ್ಷ ಅಧ್ಯಕ್ಷರಾದ ಒಬಸಾಂಜೊ, 1995ರಲ್ಲಿ ಶೆಹು ಜೊತೆಗೇ ಶಿಕ್ಷೆಗೊಳಗಾಗಿ ಜೈಲಿನಿಂದ ಜೀವಂತ ಹೊರಬಂದವರು.