ಪದ ಪರಿಚಯ: ಫುಟ್‌ಬಾಲ್ ಸಂಸ್ಥೆಯ ಪ್ರಧಾನ ಕಾರ್ಯದರ್ಶಿ

ಫುಟ್‌ಬಾಲ್ ಸಂಸ್ಥೆಯ ಕಚೇರಿ ನಡೆಸುವ, ಸಂಬಳಕ್ಕಿರುವ ಮುಖ್ಯ ಅಧಿಕಾರಿಯೇ ಪ್ರಧಾನ ಕಾರ್ಯದರ್ಶಿ. ಅಧ್ಯಕ್ಷರು ಮತ ಪಡೆದು ಬರುತ್ತಾರೆ, ಕಾರ್ಯದರ್ಶಿ ನೇಮಕಗೊಂಡು ಬರುತ್ತಾರೆ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದಲ್ಲಿ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಅದರ ಮೇಲ್ಮಟ್ಟದ ಮಂಡಳಿಯಾದ ಕೌನ್ಸಿಲ್ ನೇಮಿಸುತ್ತದೆ. ಕೌನ್ಸಿಲ್ ಸಭೆಯಲ್ಲಿ ಕಾರ್ಯದರ್ಶಿ ಸಲಹೆ ಕೊಡಬಹುದು, ಮತ ಹಾಕುವಂತಿಲ್ಲ.

ಲೆಕ್ಕಪತ್ರ, ಸಭೆಯ ನಡಾವಳಿ, ಪತ್ರವ್ಯವಹಾರ, ನಿರ್ಣಯಗಳ ಜಾರಿ ಎಲ್ಲವೂ ಇವರ ಹೊಣೆ. ರಾಷ್ಟ್ರೀಯ ಸಂಸ್ಥೆಯಲ್ಲಿ ಆಟಗಾರರ ನೋಂದಣಿಯೂ ಇದೇ ಕಚೇರಿಯ ಕೆಲಸ. ವಿದೇಶಿ ಆಟಗಾರ ಭಾರತದ ಕ್ಲಬ್ಬಿಗೆ ಬರಬೇಕಾದರೆ ಕ್ಲಬ್ ಮೊದಲು ಒಪ್ಪಂದವನ್ನು ಫಿಫಾದ ಆನ್‌ಲೈನ್ ವರ್ಗಾವಣೆ ವ್ಯವಸ್ಥೆಗೆ ಏರಿಸಬೇಕು. ಆಮೇಲೆ ಇಲ್ಲಿನ ಸಂಸ್ಥೆ ಅವನ ಹಿಂದಿನ ದೇಶದ ಸಂಸ್ಥೆಯಿಂದ ವರ್ಗಾವಣೆ ಪ್ರಮಾಣಪತ್ರ ಕೇಳಬೇಕು. ಕಾಗದಪತ್ರ ಅಪೂರ್ಣವಾಗಿ, ನೋಂದಣಿ ಅವಧಿಯೊಳಗೆ ಈ ಕೋರಿಕೆ ಹೋಗದಿದ್ದರೆ, ಸಹಿಯಾದ ಒಪ್ಪಂದ ಕೈಯಲ್ಲಿದ್ದರೂ ಆಟಗಾರ ಮೈದಾನದ ಹೊರಗೇ ಉಳಿಯುತ್ತಾನೆ.

ಈ ಕುರ್ಚಿಯಿಂದ ಅಧ್ಯಕ್ಷಗಿರಿಗೆ ದಾರಿಯಿದೆ. ಸ್ಟ್ಯಾನ್ಲಿ ರೌಸ್ ಶಾಲಾ ಶಿಕ್ಷಕರಾಗಿದ್ದವರು, ರೆಫರಿಯೂ ಹೌದು. 1934ರ ಎಫ್‌ಎ ಕಪ್ ಫೈನಲ್ ನಡೆಸಿಕೊಟ್ಟ ವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. 1938ರಲ್ಲಿ ಆಟದ ನಿಯಮಗಳನ್ನು ಹೊಸದಾಗಿ ಬರೆದರು, 1961ರಲ್ಲಿ ಫಿಫಾ ಅಧ್ಯಕ್ಷರಾದರು. ಸೆಪ್ ಬ್ಲಾಟರ್ 1981ರಿಂದ 1998ರವರೆಗೆ ಫಿಫಾ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷ. ಜಿಯಾನಿ ಇನ್‌ಫಾಂಟಿನೊ 2009ರಿಂದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯ ಕಾರ್ಯದರ್ಶಿ, 2016ರಿಂದ ಫಿಫಾ ಅಧ್ಯಕ್ಷ. ಫಿಫಾದ 211 ಸದಸ್ಯ ಸಂಸ್ಥೆಗಳಲ್ಲಿ ದೊಡ್ಡದಾಗಲಿ ಸಣ್ಣದಾಗಲಿ, ಒಂದಕ್ಕೆ ಒಂದೇ ಮತ. ವರ್ಷವಿಡೀ ಆ ಎಲ್ಲರೊಡನೆ ವ್ಯವಹರಿಸುವವರು ಕಾರ್ಯದರ್ಶಿ. ಚುನಾವಣೆಗೆ ನಿಂತಾಗ ಆ ಪರಿಚಯಕ್ಕೆ ಇರುವ ಬೆಲೆ ದೊಡ್ಡದು.

ಆದರೆ ಪರಿಚಯವೊಂದೇ ಸಾಲದು. ವಿಶ್ವಕಪ್‌ನಲ್ಲಿ ಖಚಿತ ಸ್ಥಾನ ಸಿಗದ ಆಫ್ರಿಕಾದ ದೇಶಗಳು 1966ರ ಟೂರ್ನಿಯನ್ನೇ ಬಹಿಷ್ಕರಿಸಿದ್ದವು. ವರ್ಣಭೇದದ ದಕ್ಷಿಣ ಆಫ್ರಿಕಾದ ಬಗ್ಗೆ ರೌಸ್ ತೋರಿದ ಮೆದು ಧೋರಣೆ ಅಸಮಾಧಾನವನ್ನು ಇನ್ನಷ್ಟು ಬೆಳೆಸಿತು. ಅದು ಅವರ ದೊಡ್ಡ ತಪ್ಪು. 1974ರ ಫಿಫಾ ಅಧ್ಯಕ್ಷ ಚುನಾವಣೆಯಲ್ಲಿ, ದೇಶದೇಶ ಸುತ್ತಿ ಮತ ಕೇಳಿದ್ದ ಬ್ರೆಜಿಲ್‌ನ ಜೊವಾವೊ ಹ್ಯಾವೆಲಾಂಜ್ ಎರಡನೇ ಸುತ್ತಿನಲ್ಲಿ ರೌಸ್ ಅವರನ್ನು 68–52 ಮತಗಳಿಂದ ಸೋಲಿಸಿದರು.

ಕಚೇರಿಯ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ 2022ರಲ್ಲಿ ಭಾರತವನ್ನೇ ಕಾಡಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಪದಾಧಿಕಾರಿಗಳ ಅವಧಿ ಮುಗಿದಿದ್ದರೂ ಚುನಾವಣೆ ನಡೆದಿರಲಿಲ್ಲ. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತ ಸಮಿತಿ ನೇಮಿಸಿತು. ಇದನ್ನು ಮೂರನೆಯವರ ಹಸ್ತಕ್ಷೇಪವೆಂದು ಪರಿಗಣಿಸಿದ ಫಿಫಾ ಆಗಸ್ಟಿನಲ್ಲಿ ಫೆಡರೇಷನ್ನನ್ನು ಅಮಾನತುಗೊಳಿಸಿತು. ಏಷ್ಯನ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳದ ಮಹಿಳಾ ತಂಡಕ್ಕೆ ಆಡಲಾಗಲಿಲ್ಲ. ಕೋರ್ಟ್ ಸಮಿತಿಯನ್ನು ಕೈಬಿಟ್ಟು, ದಿನನಿತ್ಯದ ಆಡಳಿತವನ್ನು ಹಂಗಾಮಿ ಪ್ರಧಾನ ಕಾರ್ಯದರ್ಶಿ ನೇತೃತ್ವದ ಕಚೇರಿಗೆ ಮರಳಿಸಿದ ಮೇಲೆ, ಆಗಸ್ಟ್ 26ರಂದು ಅಮಾನತು ತೆರವಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಕಲ್ಯಾಣ್ ಚೌಬೆ ಅಧ್ಯಕ್ಷರಾಗಿ, ಕರ್ನಾಟಕದ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾಗಿ ಆಯ್ಕೆಯಾದರು. ಹೊಸ ಕಾರ್ಯಕಾರಿ ಸಮಿತಿ ಮರುದಿನವೇ ಶಾಜಿ ಪ್ರಭಾಕರನ್ ಅವರನ್ನು ಪ್ರಧಾನ ಕಾರ್ಯದರ್ಶಿಯಾಗಿ ನೇಮಿಸಿತು.