ಓದುಗರ ಪ್ರಶ್ನೆ: ಹಕ್ಕಿ ತಿಂದ ಹಣ್ಣನ್ನು ನಾವೂ ತಿನ್ನಬಹುದೇ?

ಪ್ರಶ್ನೆ: ಚಾರಣದ ದಾರಿಯಲ್ಲಿ ಹೆಸರು ತಿಳಿಯದ ಹಣ್ಣುಗಳು ಸಿಗುತ್ತವೆ. ಹಕ್ಕಿಗಳೋ ಮಂಗಗಳೋ ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆ ಅಂಥ ಹಣ್ಣನ್ನು ನಾವೂ ಧೈರ್ಯವಾಗಿ ತಿನ್ನಬಹುದಲ್ಲವೇ?

ತಿನ್ನಬಾರದು.

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬಾರದ ತಿಂಗಳಿಲ್ಲ, ಪ್ರತಿ ಸಲವೂ ಇದೇ ಉತ್ತರವನ್ನು ಕೊಟ್ಟಿದ್ದೇನೆ. ಆದರೂ ಶಿಬಿರಗಳಲ್ಲಿ ಬೊಗಸೆ ತುಂಬ ಕೆಂಪು ಹಣ್ಣು ಹಿಡಿದುಕೊಂಡು ಬಂದು, "ಸರ್, ಈಗಷ್ಟೇ ಹಕ್ಕಿ ತಿನ್ನುತ್ತಿತ್ತು, ಏನೂ ಆಗುವುದಿಲ್ಲ" ಎನ್ನುವವರು ಸಿಗುತ್ತಲೇ ಇದ್ದಾರೆ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣವೂ ಇದೆ. ಹಕ್ಕಿ ತಿನ್ನುವ ಎಷ್ಟೋ ಹಣ್ಣುಗಳು ನಮಗೂ ಒಗ್ಗುತ್ತವೆ. ಆದ್ದರಿಂದ ಈ ಸೂತ್ರವನ್ನು ನಂಬಿದವನು ಹತ್ತಾರು ಬಾರಿ ಕ್ಷೇಮವಾಗಿ ಮನೆಗೆ ಮರಳುತ್ತಾನೆ ಮತ್ತು ಪ್ರತಿ ಬಾರಿಯೂ ಸೂತ್ರವೇ ತನ್ನನ್ನು ಕಾಪಾಡಿತೆಂದು ತಿಳಿಯುತ್ತಾನೆ. ಅವನನ್ನು ಕಾಪಾಡಿದ್ದು ಆ ಹಣ್ಣಿನಲ್ಲಿ ವಿಷವಿರಲಿಲ್ಲ ಎಂಬ ಸಂಗತಿಯೇ ಹೊರತು ಹಕ್ಕಿಯಲ್ಲ. ಉತ್ತರವನ್ನು ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಹಕ್ಕಿಯ ಊಟದ ಕ್ರಮವನ್ನು ಗಮನಿಸಿ. ಹಕ್ಕಿಗೆ ಹಲ್ಲಿಲ್ಲ. ಹಣ್ಣು ತಿನ್ನುವ ಹೆಚ್ಚಿನ ಹಕ್ಕಿಗಳು ಹಣ್ಣನ್ನು ಇಡಿಯಾಗಿ ನುಂಗುತ್ತವೆ. ತಿರುಳು ಜೀರ್ಣವಾಗಿ ಬೀಜ ಹಿಕ್ಕೆಯ ಜೊತೆ ಹೊರಗೆ ಬೀಳುತ್ತದೆ. ಗಿಡಕ್ಕೆ ಬೇಕಾಗಿರುವುದೂ ಇದೇ. ತಿರುಳು ಹಕ್ಕಿಗೆ ಕೊಡುವ ಕೂಲಿ, ಬೀಜ ಅದು ಹೊತ್ತೊಯ್ಯಬೇಕಾದ ಹೊರೆ. ಆ ಬೀಜವನ್ನು ಯಾರೂ ಅಗಿದು ಹಾಳುಮಾಡದಿರಲಿ ಎಂದೇ ಎಷ್ಟೋ ಗಿಡಗಳು ವಿಷವನ್ನು ಬೀಜದಲ್ಲಿ ತುಂಬಿಡುತ್ತವೆ. ಯೂ ಎಂಬ ಶೀತವಲಯದ ಮರದಲ್ಲಿ ಬೀಜವನ್ನು ಸುತ್ತಿರುವ ಕೆಂಪು ತಿರುಳೊಂದನ್ನು ಬಿಟ್ಟರೆ ಎಲೆ, ತೊಗಟೆ, ಬೀಜ ಎಲ್ಲದರಲ್ಲೂ ಹೃದಯದ ಬಡಿತವನ್ನು ಕೆಡಿಸುವ ಟ್ಯಾಕ್ಸಿನ್ ಇದೆ. ಹಕ್ಕಿ ಆ ತಿರುಳಿಗಾಗಿ ಹಣ್ಣನ್ನು ನುಂಗಿ, ಬೀಜವನ್ನು ಒಡೆಯದೆ ಹೊರಹಾಕಿ ಹಾರಿಹೋಗುತ್ತದೆ. ಅದೇ ಹಣ್ಣನ್ನು ನಾವು ಬಾಯಿಗೆ ಹಾಕಿಕೊಂಡರೆ ಮೊದಲು ಮಾಡುವ ಕೆಲಸವೇ ಅಗಿಯುವುದು. ಗುಲಗಂಜಿಯ ಕತೆಯೂ ಬೇರೆಯಲ್ಲ: ಗಟ್ಟಿ ಸಿಪ್ಪೆ ಒಡೆಯದಿದ್ದರೆ ಬೀಜ ಹೊಟ್ಟೆಯೊಳಗೆ ಹೋದ ಹಾಗೆಯೇ ಹೊರಬರಬಹುದು, ಜಗಿದು ಒಡೆದರೆ ಒಳಗಿರುವ ಏಬ್ರಿನ್ ನಮ್ಮ ಜೀವಕೋಶಗಳಲ್ಲಿ ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಹಕ್ಕಿ ತಿಂದದ್ದೂ ನೀವು ತಿಂದದ್ದೂ ಒಂದೇ ಹಣ್ಣಾಗಿದ್ದರೂ ಇಬ್ಬರ ಹೊಟ್ಟೆಗೆ ಸೇರಿದ ಪದಾರ್ಥ ಒಂದೇ ಅಲ್ಲ.

ಇಷ್ಟು ಹೇಳಿದಾಗ ಕೆಲವರು, "ಹಕ್ಕಿ ಬೇಡ, ಮೊಲವೋ ಮಂಗವೋ ತಿಂದರೆ ಸರಿ ತಾನೆ, ಅವು ನಮ್ಮ ಹಾಗೆ ಅಗಿಯುತ್ತವಲ್ಲ" ಎಂದು ವಾದಿಸುತ್ತಾರೆ. ಬೆಲ್ಲಡೋನಾ ಎಂಬ ಗಿಡದಲ್ಲಿ ಅಟ್ರೋಪಿನ್ ಇದೆ. ಮನುಷ್ಯನಿಗೆ ಅದು ಬಾಯಿ ಒಣಗಿಸಿ, ಕಣ್ಣಿನ ಪಾಪೆಯನ್ನು ಹಿಗ್ಗಿಸಿ, ಭ್ರಮೆ ಹಿಡಿಸಿ, ಪ್ರಮಾಣ ಹೆಚ್ಚಾದರೆ ಕೊಲ್ಲುವ ವಿಷ. ಆದರೆ ಅನೇಕ ಮೊಲಗಳ ರಕ್ತದಲ್ಲಿ ಅಟ್ರೋಪಿನ್ನನ್ನು ಒಡೆಯುವ ಕಿಣ್ವವೇ ಇರುವುದರಿಂದ ಅವು ಆ ಎಲೆಗಳನ್ನು ಮೇಯ್ದುಕೊಂಡು ಆರಾಮವಾಗಿರುತ್ತವೆ. ಮಂಗನ ವಿಚಾರಕ್ಕೆ ಬಂದರೆ, ಅದು ನಮ್ಮ ಹತ್ತಿರದ ಸಂಬಂಧಿ ಎಂಬುದು ನಿಜವೇ. ಆದರೆ ಎಲೆ ತಿಂದು ಬದುಕುವ ಕೋತಿಗಳ ಹೊಟ್ಟೆಯಲ್ಲಿ ಹಲವು ಕೋಣೆಗಳಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸುವಾಗ ಎಷ್ಟೋ ವಿಷಗಳು ಮುರಿದುಹೋಗುತ್ತವೆ. ಜಾಂಜಿಬಾರ್ ದ್ವೀಪದ ಕೆಂಪು ಕೊಲೊಬಸ್ ಕೋತಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲೆಗಳಲ್ಲಿರುವ ಫೀನಾಲ್‌ಗಳ ಕಾಟ ತಪ್ಪಿಸಿಕೊಳ್ಳಲು ಇದ್ದಿಲನ್ನು ಹುಡುಕಿ ತಿನ್ನುತ್ತವೆ. ಮಂಗಗಳ ದೂರದ ಬಳಗಕ್ಕೆ ಸೇರಿದ, ಮಡಗಾಸ್ಕರ್‌ನ ಹೊಂಬಣ್ಣದ ಬಿದಿರು ಲೀಮರ್ ದಿನವಿಡೀ ಬಿದಿರಿನ ಎಳೆಯ ಕುಡಿಗಳನ್ನೇ ತಿನ್ನುತ್ತದೆ. ಒಂದು ದಿನಕ್ಕೆ ಅದರ ಹೊಟ್ಟೆ ಸೇರುವ ಸಯನೈಡ್, ಅದೇ ಗಾತ್ರದ ಬೇರೆ ಪ್ರಾಣಿಯನ್ನು ಕೊಲ್ಲಲು ಬೇಕಾದುದಕ್ಕಿಂತ ಸುಮಾರು 12 ಪಟ್ಟು ಹೆಚ್ಚೆಂದು ಲೆಕ್ಕಹಾಕಿದ್ದಾರೆ. ಆ ಲೀಮರನ್ನು ಗುರುವೆಂದು ನಂಬಿ ಪಕ್ಕದಲ್ಲಿ ಕೂತು ಹಸಿ ಕುಡಿ ತಿಂದವನ ಗತಿಯನ್ನು ನಾನು ವಿವರಿಸಬೇಕಾಗಿಲ್ಲ.

ಸೂತ್ರವನ್ನು ತಿರುಗಿಸಿ ನೋಡಿದರೂ ಅದು ನಿಲ್ಲುವುದಿಲ್ಲ. ನಾವು ಚಪ್ಪರಿಸಿ ತಿನ್ನುವ ಬೆಣ್ಣೆಹಣ್ಣಿನಲ್ಲಿರುವ ಪರ್ಸಿನ್ ಎಂಬ ವಸ್ತು ಎಷ್ಟೋ ಸಾಕುಹಕ್ಕಿಗಳ ಹೃದಯಕ್ಕೆ ಮಾರಕ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪ್ರಾಣಿಗೆ ಒಗ್ಗಿದ್ದು ನಮಗೆ ಒಗ್ಗಬೇಕಿಲ್ಲ, ನಮಗೆ ಒಗ್ಗಿದ್ದು ಅದಕ್ಕೂ ಒಗ್ಗಬೇಕಿಲ್ಲ. ಇದೆಲ್ಲಕ್ಕಿಂತ ಕಣ್ತೆರೆಸುವ ಉದಾಹರಣೆ ಲಾವಕ್ಕಿಯದು. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ವಲಸೆಯ ಕಾಲದಲ್ಲಿ ಬೇಟೆಯಾಡಿದ ಲಾವಕ್ಕಿಯ ಮಾಂಸವನ್ನು ತಿಂದ ಕೆಲವರಿಗೆ ಸ್ನಾಯುಗಳು ಕರಗಿ ಮೂತ್ರಪಿಂಡಗಳು ಕೈಕೊಡುವ ಕಾಯಿಲೆ ಬರುವುದು ಪ್ರಾಚೀನ ಕಾಲದಿಂದ ತಿಳಿದಿದೆ. ಹಕ್ಕಿ ದಾರಿಯಲ್ಲಿ ತಿಂದ ಯಾವುದೋ ಸಸ್ಯದ ವಿಷ ಅದರ ಮಾಂಸದಲ್ಲಿ ಉಳಿದಿರುತ್ತದೆಂದು ತಜ್ಞರು ಭಾವಿಸುತ್ತಾರೆ. ಹಕ್ಕಿ ಮಾತ್ರ ಗಟ್ಟಿಮುಟ್ಟಾಗಿ ಸಮುದ್ರವನ್ನೇ ದಾಟಿ ಬಂದಿರುತ್ತದೆ. ಹಕ್ಕಿ ತಿಂದದ್ದು ಕ್ಷೇಮವೆಂಬ ಮಾತು ಹಾಗಿರಲಿ, ಅದನ್ನು ತಿಂದ ಹಕ್ಕಿಯೂ ಕ್ಷೇಮವಲ್ಲ.

ಇದೇ ನಂಬಿಕೆಯ ಇನ್ನೊಂದು ಕವಲು, ಮೊದಲು ನಾಯಿಗೆ ಹಾಕಿ ನೋಡುವುದು. ನಾಯಿಯ ಮೇಲಿನ ಕ್ರೌರ್ಯ ಒಂದು ಕಡೆಗಿರಲಿ, ಇದು ಪರೀಕ್ಷೆಯಾಗಿಯೂ ನಿಷ್ಪ್ರಯೋಜಕ. ಡೆತ್ ಕ್ಯಾಪ್ ಎಂಬ ಅಣಬೆಯನ್ನು ತಿಂದವರಿಗೆ ಆರು ಗಂಟೆಯಿಂದ ಒಂದು ದಿನದವರೆಗೆ ಏನೂ ಆಗುವುದಿಲ್ಲ. ಬಳಿಕ ವಾಂತಿ ಭೇದಿ ಹಿಡಿದು, ಅದೂ ಇಳಿದು ಗುಣವಾದಂತೆ ಕಾಣುವ ಹೊತ್ತಿಗೆ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಅರ್ಧ ಗಂಟೆ ನಾಯಿಯ ಮುಖ ನೋಡುತ್ತ ಕೂತವನಿಗೆ ಇದರಲ್ಲಿ ಏನು ತಿಳಿದೀತು? ಅದೇ ಅಣಬೆಯನ್ನು ಚಿಪ್ಪಿಲ್ಲದ ಬಸವನಹುಳುಗಳು ಕೊರೆದು ತಿಂದ ಗುರುತನ್ನು ತೋರಿಸಿ ಸಮಾಧಾನ ಹೇಳುವವರೂ ಇದ್ದಾರೆ. ಹುಳು ತಿಂದ ಅಣಬೆ, ಬೆಳ್ಳಿ ಚಮಚ ಕಪ್ಪಾಗದ ಅಣಬೆ, ಬೆಳ್ಳುಳ್ಳಿಯ ಬಣ್ಣ ಕೆಡಿಸದ ಅಣಬೆ, ಈ ಮೂರೂ ಒಂದೇ ಕುಟುಂಬದ ಸುಳ್ಳುಗಳು.

ಹಾಗಾದರೆ ಯಾವುದನ್ನು ನಂಬಬೇಕು? ಗಿಡದ ಹೆಸರನ್ನು, ಅದನ್ನು ತಿಂದು ಬದುಕಿದ ಮನುಷ್ಯರ ತಿಳಿವಳಿಕೆಯನ್ನು. ಎಲೆ, ಹೂ, ಕಾಯಿ, ವಾಸನೆ, ಬೆಳೆಯುವ ಜಾಗ ಇವೆಲ್ಲವೂ ಹೊಂದಿಕೊಂಡು, ಆ ಪ್ರದೇಶದಲ್ಲಿ ಅದನ್ನು ಹೋಲುವ ವಿಷದ ಗಿಡ ಯಾವುದೆಂಬುದೂ ಗೊತ್ತಿದ್ದಾಗ ಮಾತ್ರ ಗುರುತು ಸಿಕ್ಕಿತೆನ್ನಬೇಕು. ಮೊಬೈಲ್ ಆ್ಯಪ್ ಹೇಳಿದ ಹೆಸರು ಹುಡುಕಾಟದ ಆರಂಭವೇ ಹೊರತು ತೀರ್ಪಲ್ಲ. ತುಟಿಗೆ ಮುಟ್ಟಿಸಿ, ನಾಲಿಗೆಯ ಮೇಲಿಟ್ಟು, ಚೂರು ನುಂಗಿ ಎಂಟು ಗಂಟೆ ಕಾಯುವ ಸೈನಿಕರ ಪರೀಕ್ಷೆಯ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಅದು ಬೇರೆ ದಾರಿಯೇ ಇಲ್ಲದವನಿಗೆ ಹೇಳಿಕೊಟ್ಟದ್ದು, ಅಣಬೆಗೆ ಅದನ್ನು ಪ್ರಯೋಗಿಸಲೇಬಾರದು, ವಾರಾಂತ್ಯದ ಚಾರಣಿಗನಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಮನುಷ್ಯರು ತಿನ್ನುತ್ತಾರೆ ಎಂಬಷ್ಟು ತಿಳಿದರೂ ಸಾಲದು, ಹೇಗೆ ತಿನ್ನುತ್ತಾರೆ ಎಂಬುದೂ ತಿಳಿದಿರಬೇಕು. 1860ರಲ್ಲಿ ಮೆಲ್ಬರ್ನ್‌ನಿಂದ ಹೊರಟು ಆಸ್ಟ್ರೇಲಿಯಾ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಬರ್ಕ್ ಮತ್ತು ವಿಲ್ಸ್ ಮರಳುವ ದಾರಿಯಲ್ಲಿ ಕೂಪರ್ ಕ್ರೀಕ್ ಬಳಿ ಆಹಾರವಿಲ್ಲದೆ ಸಿಕ್ಕಿಬಿದ್ದರು. ಅಲ್ಲಿನ ಯಾಂಡ್ರುವಾಂಡ ಜನ ನಾರ್ಡೂ ಎಂಬ ಜರಿಗಿಡದ ಬೀಜದಂಥ ಕೋಶಗಳನ್ನು ಹಿಟ್ಟು ಮಾಡಿ ತಿನ್ನುತ್ತಿದ್ದರು, ಇವರೂ ಅದನ್ನೇ ಕುಟ್ಟಿ ತಿನ್ನತೊಡಗಿದರು. ಹೊಟ್ಟೆ ತುಂಬುತ್ತಿತ್ತು, ಮೈ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು. 1861ರ ಮಧ್ಯಭಾಗದಲ್ಲಿ ಇಬ್ಬರೂ ತೀರಿಕೊಂಡರು. ನಾರ್ಡೂವಿನಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಥಯಾಮಿನೇಸ್ ಎಂಬ ಕಿಣ್ವವಿದೆ, ಅಲ್ಲಿನ ಜನ ಹುರಿದು, ನೀರು ಬೆರೆಸಿ ಅರೆಯುವ ಕ್ರಮದಲ್ಲಿ ಅದರ ಕಾಟ ಕಡಿಮೆಯಾಗುತ್ತಿತ್ತು, ಇವರು ಆ ಕ್ರಮವನ್ನು ಕಲಿಯಲಿಲ್ಲ ಎಂಬುದು ಇಂದು ಹೆಚ್ಚು ಜನ ಒಪ್ಪುವ ವಿವರಣೆ. ಅವರ ಜೊತೆಗಾರ ಜಾನ್ ಕಿಂಗ್ ಯಾಂಡ್ರುವಾಂಡ ಜನರ ಆಶ್ರಯದಲ್ಲಿ ಉಳಿದು, ಸೆಪ್ಟೆಂಬರಿನಲ್ಲಿ ಹುಡುಕಿಕೊಂಡು ಬಂದವರಿಗೆ ಜೀವಂತವಾಗಿ ಸಿಕ್ಕಿದ.

ಇಷ್ಟರಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾಗಿದ್ದ ಇನ್ನೊಂದು ಪ್ರಶ್ನೆ ಬರುತ್ತದೆ: ಗಿಡದ ಗೊಡವೆ ಬೇಡವೆಂದು ಮೀನೋ ಏಡಿಯೋ ಹಿಡಿದು ಸುಟ್ಟು ತಿಂದರೆ ನಿಶ್ಚಿಂತೆಯೇ? ಬೆಂಕಿ ಕೊಲ್ಲುವುದು ಹುಳುಗಳನ್ನು ಮತ್ತು ರೋಗಾಣುಗಳನ್ನು. ಹಸಿ ಏಡಿಯಲ್ಲಿರುವ ಶ್ವಾಸಕೋಶದ ಚಪ್ಪಟೆ ಹುಳು, ಸಿಹಿನೀರಿನ ಮೀನಿನ ಪರಾವಲಂಬಿಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದ್ದರಿಂದ ಯಾವುದನ್ನೂ ಅರೆಬೆಂದದ್ದಾಗಿ ತಿನ್ನಬೇಡಿ. ಆದರೆ ಮೇಲೆ ಹೇಳಿದ ಅಣಬೆಯ ವಿಷಕ್ಕೂ, ಸಮುದ್ರದ ಚಿಪ್ಪುಜೀವಿಗಳಲ್ಲಿ ಸೇರುವ ಸ್ಯಾಕ್ಸಿಟಾಕ್ಸಿನ್ನಿಗೂ, ಉಬ್ಬುಮೀನಿನ ಟೆಟ್ರೊಡೊಟಾಕ್ಸಿನ್ನಿಗೂ ಒಲೆಯ ಬೆಂಕಿ ಏನೂ ಮಾಡದು. 1774ರ ಸೆಪ್ಟೆಂಬರಿನಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಮತ್ತು ಅವನ ಇಬ್ಬರು ಸಂಗಡಿಗರು ಇಂಥದೊಂದು ಮೀನಿನ ಯಕೃತ್ತನ್ನೂ ಮೊಟ್ಟೆಯನ್ನೂ ರುಚಿ ನೋಡುವಷ್ಟೇ ತಿಂದು, ಬೆಳಗಿನ ಜಾವ ಕೈಕಾಲು ಮರಗಟ್ಟಿ ಎದ್ದರು. ಕರುಳನ್ನು ತಿಂದ ಹಂದಿ ಬೆಳಗಾಗುವಾಗ ಸತ್ತುಬಿದ್ದಿತ್ತು. ಹಡಗಿಗೆ ಬಂದ ಅಲ್ಲಿನ ಜನ ತೂಗುಹಾಕಿದ್ದ ಮೀನನ್ನು ಕಂಡೊಡನೆ ಅದು ತಿನ್ನುವಂಥದಲ್ಲವೆಂದು ಸನ್ನೆ ಮಾಡಿ ತೋರಿಸಿದರು.

ಸಂರಕ್ಷಿತ ಅರಣ್ಯಗಳಲ್ಲಿ ಹಿಡಿಯುವುದಕ್ಕೂ ಕೀಳುವುದಕ್ಕೂ ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿದೆ, ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ. ದಾರಿ ತಪ್ಪಿದವರಂತೂ ಊಟಕ್ಕಿಂತ ಮೊದಲು ನೀರನ್ನೂ ನೆರಳನ್ನೂ ಹುಡುಕಬೇಕು. ನೀರಿದ್ದರೆ ಆರೋಗ್ಯವಂತ ಮನುಷ್ಯ ಊಟವಿಲ್ಲದೆ ವಾರಗಟ್ಟಲೆ ಬದುಕಬಲ್ಲ, ನೀರಿಲ್ಲದಿದ್ದರೆ ಕೆಲವೇ ದಿನ. ಯಾರಾದರೂ ತಿನ್ನಬಾರದ್ದನ್ನು ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ; ತಿಂದು ಉಳಿದದ್ದನ್ನು ಕಟ್ಟಿಕೊಂಡು ನೇರವಾಗಿ ಆಸ್ಪತ್ರೆಗೆ ನಡೆಯಿರಿ. ವೈದ್ಯರಿಗೆ ಆ ಒಂದು ತುಂಡು ನಿಮ್ಮ ವರ್ಣನೆಗಿಂತ ಹೆಚ್ಚು ಉಪಯುಕ್ತ.